ಗುಣಮುಖರಾಗಲು ರಜೆ ಯಾರಿಗಿದೆ?

2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಮಂದಿಗೆ ಕೋವಿಡ್ ಸೋಂಕು ದೃಢಪಟ್ಟಿತು. ಎರಡನೆಯ ಅಲೆಯಲ್ಲಿ ರಾಜ್ಯ ಕಂಡ ಅತಿ ದೊಡ್ಡ ಸಂಖ್ಯೆ ಅದು. ಅಂದಿನ ವರದಿಯಲ್ಲಿ, ಎಂದಿನಂತೆ, ಇನ್ನೊಂದು ಸಾಲೂ ಇತ್ತು. ಗುಣಮುಖರಾಗಿ ಆಸ್ಪತ್ರೆಯಿಂದ ಬಿಡುಗಡೆಯಾದವರ ಸಾಲು. ಆ ಸಾಲಿನ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ವರದಿ ಪ್ರಕಟವಾದ ಹೊತ್ತಿನಲ್ಲಿ ನಾನು ಬೆಂಗಳೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದೆ. ಎರಡನೆಯ ಮಹಡಿಗೆ ಮೂವತ್ತಾರು ಮೆಟ್ಟಿಲುಗಳಿವೆ. ಹನ್ನೆರಡನೆಯದಕ್ಕೆ ಉಸಿರು ಮುಗಿದಿತ್ತು. ಕೆಳಗಿನಿಂದ ಮಗ, ಮೇಲಿನಿಂದ ಹೆಂಡತಿ ನೋಡುತ್ತ ನಿಂತಿದ್ದರು. ಆ ಮೂವತ್ತಾರು ಮೆಟ್ಟಿಲುಗಳನ್ನು ಏರಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು.

ಗುಣಮುಖ ಎಂಬ ಪದದ ಅರ್ಥ ಗುಣದ ಕಡೆಗೆ ಮುಖ ಮಾಡಿದವನು ಎಂದಷ್ಟೇ. ಗುಣ ಹೊಂದಿದವನು ಎಂದಲ್ಲ. ಆ ಪದವನ್ನು ದಿನವೂ ಓದುತ್ತಿದ್ದ ನಮಗೆ ಈ ವ್ಯತ್ಯಾಸ ಹೊಳೆದಿರಲಿಲ್ಲ. ಮುಖ ತಿರುಗಿದ ಮೇಲೆ ನಡೆಯಬೇಕಾದ ದಾರಿ ಎಷ್ಟು ಉದ್ದವಿದೆ, ಅದನ್ನು ನಡೆಯುವ ಅನುಕೂಲ ಯಾರಿಗಿದೆ, ಯಾರಿಗಿಲ್ಲ ಎಂಬುದನ್ನು ನಾನು ಕಲಿತದ್ದು ಆಸ್ಪತ್ರೆಯಿಂದ ಬಂದ ನಂತರ. ಅದನ್ನು ಕಲಿಸಿದವರು ವೈದ್ಯರಲ್ಲ. ನಮ್ಮ ಮನೆಯ ಪಾತ್ರೆ ತೊಳೆಯಲು ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಈ ಲೇಖನ ನನ್ನ ಕಾಯಿಲೆಯನ್ನು ಕುರಿತದ್ದಾದರೂ ಅದರ ತಾತ್ಪರ್ಯ ಆಕೆಯಲ್ಲಿದೆ.

ಮೊದಲು ನನ್ನ ಕಥೆ. ಆಗ ನನಗೆ 54 ವರ್ಷ. ಅನುದಾನಿತ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ. 45 ದಾಟಿದ ಎಲ್ಲರಿಗೂ ಲಸಿಕೆ ಕೊಡಲು ಆರಂಭಿಸಿದ್ದು 2021ರ ಏಪ್ರಿಲ್ 1ರಂದು. ಏಪ್ರಿಲ್ 10ರಂದು ಮೊದಲ ಡೋಸ್ ಹಾಕಿಸಿಕೊಂಡೆ. ಏಳನೆಯ ದಿನ ಜ್ವರ ಬಂತು. ಲಸಿಕೆಯ ಜ್ವರವಿರಬೇಕೆಂದು ಒಂದು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಹೊಯ್ದು ನಿಂತಾಗ ಡಿಕಾಕ್ಷನ್ನಿನ ವಾಸನೆಯೇ ಇಲ್ಲ. ಪುಡಿಯ ಡಬ್ಬಿಯನ್ನು ಮೂಗಿಗೆ ಹಿಡಿದೆ. ಇಂಗಿನ ಡಬ್ಬಿಯನ್ನೂ ಹಿಡಿದೆ. ಒಗ್ಗರಣೆಯ ಘಾಟಿಗೆ ಹೆಂಡತಿ ಕೆಮ್ಮುತ್ತಿದ್ದಾಗ ಪಕ್ಕದಲ್ಲೇ ಇದ್ದ ನನಗೆ ಏನೂ ತಿಳಿಯಲಿಲ್ಲ. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಫಲಿತಾಂಶ ಗೊತ್ತಾಗಿತ್ತು.

ಆ ದಿನಗಳ ಬೆಂಗಳೂರನ್ನು ಮತ್ತೆ ವರ್ಣಿಸಬೇಕಾಗಿಲ್ಲ. ಓದುಗರಲ್ಲಿ ಹಲವರು ಅದನ್ನು ಅನುಭವಿಸಿದ್ದಾರೆ. ಗಂಟಲಿನ ದ್ರವ ಕೊಟ್ಟು ನಾಲ್ಕು ದಿನ ಕಾಯುವುದು, ಎಸ್‌ಆರ್‌ಎಫ್ ಸಂಖ್ಯೆ ಬಂದ ಮೇಲೆ ಬಿ.ಯು. ಸಂಖ್ಯೆಗಾಗಿ ಕಾಯುವುದು, ಆ ಸಂಖ್ಯೆಯಿಲ್ಲದೆ ಅಂದಿನ ಬಿಬಿಎಂಪಿಯ ಹಾಸಿಗೆ ಹಂಚಿಕೆಯ ಪಟ್ಟಿಯಲ್ಲಿ ಹೆಸರು ಸೇರದಿರುವುದು, 1912ಕ್ಕೆ ಕರೆ ಮಾಡಿ ಸಂಗೀತ ಕೇಳುವುದು. ಏಪ್ರಿಲ್ 24ರ ಮಧ್ಯಾಹ್ನ ನನ್ನ ಬೆರಳಿನ ಆಕ್ಸಿಮೀಟರ್ 94ರಿಂದ 89ಕ್ಕೆ ಇಳಿಯಿತು. ಮಗ ಮತ್ತು ಅವನ ಗೆಳೆಯರು ಆರು ಗಂಟೆಗಳ ಕಾಲ ಫೋನಿಗೆ ಅಂಟಿಕೊಂಡು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಹಿಡಿದರು. 'ಹಿಡಿದರು' ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಆ ಹಾಸಿಗೆಯಲ್ಲಿ ಬೆಳಿಗ್ಗೆಯವರೆಗೆ ಇದ್ದವರು ತೀರಿಕೊಂಡಿದ್ದರಿಂದ ಅದು ತೆರವಾಗಿತ್ತು. ನನಗೆ ಸಿಕ್ಕಿದ್ದು ಇನ್ನಾರಿಗೋ ಸಿಗಲಿಲ್ಲ ಎಂಬುದೂ ಅಷ್ಟೇ ನಿಶ್ಚಿತ.

ಹನ್ನೊಂದು ರಾತ್ರಿ ಅಲ್ಲಿದ್ದೆ. ಮೊದಲ ಆರು ದಿನ ಮುಖದ ಮೇಲೆ ಮಾಸ್ಕು. ಗೋಡೆಗೆ ಹಾಕಿದ ನೀರಿನ ಸಣ್ಣ ಬಾಟಲಿಯಲ್ಲಿ ಆಮ್ಲಜನಕ ಗುಳುಗುಳು ಎನ್ನುವ ಸದ್ದು. ಆ ಸದ್ದು ಕ್ಷಣ ನಿಂತರೂ ವಾರ್ಡಿನ ಎಲ್ಲರ ಕಣ್ಣು ತೆರೆಯುತ್ತಿತ್ತು. ಬೋರಲು ಮಲಗಿದರೆ ಸ್ಯಾಚುರೇಶನ್ ಏರುತ್ತದೆಂದು ಹೇಳಿ ದಾದಿಯರು ರಾತ್ರಿ ಎರಡು ಗಂಟೆಗೂ ಬಂದು ತಿರುಗಿಸಿ ಮಲಗಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ಮುಖ ಕಾಣದ ಉಡುಪಿನಲ್ಲಿ ಅವರನ್ನು ಗುರುತಿಸುತ್ತಿದ್ದದ್ದು ಎದೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದುಕೊಂಡ ಹೆಸರಿನಿಂದ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಗಿ, ಒಂದು ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ಮರುದಿನ ವಾರ್ಡಿಗೂ ತಲುಪಿತು. ಯಾರೂ ಆ ವಿಷಯ ಮಾತನಾಡಲಿಲ್ಲ. ಎಲ್ಲರೂ ಬಾಟಲಿಯ ಸದ್ದನ್ನು ಕೇಳುತ್ತ ಮಲಗಿದೆವು.

ನಾನು ಬದುಕಿದೆ. ಅದಕ್ಕೆ ಔಷಧ ಕಾರಣ, ದಾದಿಯರು ಕಾರಣ, ಆಮ್ಲಜನಕ ಕಾರಣ, ಆರು ಗಂಟೆ ಫೋನು ಮಾಡಬಲ್ಲ ಮಕ್ಕಳು ಇದ್ದದ್ದೂ ಕಾರಣ. ಜ್ವರವಿಲ್ಲದೆ, ಹೊರಗಿನ ಆಮ್ಲಜನಕವಿಲ್ಲದೆ ಮೂರು ದಿನ ರೋಗಿಯ ಸ್ಯಾಚುರೇಶನ್ ನಿಂತರೆ ಮನೆಗೆ ಕಳುಹಿಸಬೇಕೆಂಬುದು ಆಗಿನ ನಿಯಮ. ಹಾಸಿಗೆಗಾಗಿ ಹೊರಗೆ ಜನ ಕಾಯುತ್ತಿದ್ದಾಗ ಅದು ನ್ಯಾಯವಾದ ನಿಯಮವೂ ಹೌದು. ಎರಡು ಲಕ್ಷ ಎಂಬತ್ತು ಸಾವಿರ ರೂಪಾಯಿಯ ಬಿಲ್ಲು, ಅದರಲ್ಲಿ ಬಹುಪಾಲು ವಿಮೆಯಿಂದ ಸಂದಾಯ. ಕೈಯಲ್ಲೊಂದು ಕಾಗದ: ವಿಶ್ರಾಂತಿ ತೆಗೆದುಕೊಳ್ಳಿ, ಪೌಷ್ಟಿಕ ಆಹಾರ ಸೇವಿಸಿ, ಹದಿನೈದು ದಿನದ ನಂತರ ಬನ್ನಿ.

ನಿಜವಾದ ಕಾಯಿಲೆ ಆರಂಭವಾದದ್ದು ಆಗಲೇ ಎನಿಸುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ, ಸ್ಯಾಚುರೇಶನ್ 96. ಆದರೆ ಸ್ನಾನ ಮಾಡಿ ಬಂದರೆ ಒಂದು ಗಂಟೆ ಮಲಗಬೇಕು. ಪತ್ರಿಕೆಯ ಒಂದು ಪುಟ ಓದಿದರೆ ತಲೆ ಭಾರ. ಒಂದು ದಿನ ಚೆನ್ನಾಗಿದೆಯೆಂದು ಉತ್ಸಾಹದಿಂದ ಬೀದಿಯ ಕೊನೆಯವರೆಗೆ ನಡೆದು ಬಂದರೆ ಮುಂದಿನ ಮೂರು ದಿನ ಹಾಸಿಗೆಯೇ ಗತಿ. ಜುಲೈ ಕೊನೆಯಲ್ಲಿ ಆನ್‌ಲೈನ್ ತರಗತಿ ತೆಗೆದುಕೊಂಡಾಗ ಇನ್ನೊಂದು ಸಂಗತಿ ಬಯಲಾಯಿತು. ಇಪ್ಪತ್ತೆಂಟು ವರ್ಷಗಳಿಂದ ಅರ್ಥಶಾಸ್ತ್ರ ಕಲಿಸುತ್ತಿರುವ ನನಗೆ ವಾಕ್ಯದ ನಡುವೆ 'ಬೇಡಿಕೆ' ಎಂಬ ಪದ ನೆನಪಾಗಲಿಲ್ಲ. ಪೂರೈಕೆ ಎಂದೆ, ಮುಂದೆ ನಿಂತೆ. ಪರದೆಯ ಮೇಲಿನ ಅರವತ್ತು ಸಣ್ಣ ಚೌಕಗಳು ಕಾಯುತ್ತಿದ್ದವು. ಇಂಟರ್ನೆಟ್ ಸರಿಯಿಲ್ಲವೆಂದು ಸುಳ್ಳು ಹೇಳಿ ತರಗತಿ ಮುಗಿಸಿದೆ. ಆ ಸಂಜೆ ಅತ್ತದ್ದು ಹೆಂಡತಿಗೆ ಮಾತ್ರ ಗೊತ್ತು.

ಇದಕ್ಕೊಂದು ಹೆಸರಿದೆ ಎಂಬುದು ತಿಳಿದದ್ದು ಆಮೇಲೆ. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ಥಿತಿಗೆ ಒಂದು ವ್ಯಾಖ್ಯೆ ಕೊಟ್ಟಿತು: ಸೋಂಕು ತಗುಲಿದ ಮೂರು ತಿಂಗಳಷ್ಟು ಕಾಲದ ಬಳಿಕವೂ ಕಾಣುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು. ಆಯಾಸ, ಉಸಿರಾಟದ ತೊಂದರೆ, ಬುದ್ಧಿ ಮಸುಕಾದಂತಾಗುವುದು ಅವುಗಳಲ್ಲಿ ಮುಖ್ಯವಾದವು. ಜಗತ್ತು ಇದನ್ನು ಲಾಂಗ್ ಕೋವಿಡ್ ಎನ್ನುತ್ತದೆ. ಇದನ್ನು ನೇರವಾಗಿ ವಾಸಿ ಮಾಡುವ ಒಂದು ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನ್ನನ್ನು ನೋಡಿದ ಶ್ವಾಸಕೋಶ ತಜ್ಞರು ಪ್ರಾಮಾಣಿಕರು. 'ನಿಮಗೆ ಬರೆದುಕೊಡಬಹುದಾದ ಮಾತ್ರೆ ನನ್ನ ಬಳಿ ಇಲ್ಲ. ಶಕ್ತಿ ಇದ್ದಷ್ಟೇ ಖರ್ಚು ಮಾಡಿ, ಸಾಲ ಮಾಡಬೇಡಿ' ಎಂದರು. ಅರ್ಥಶಾಸ್ತ್ರದವನಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದ್ದರು.

ಹಾಸನದಲ್ಲಿದ್ದ ನನ್ನ ತಾಯಿಗೆ ಈ ವ್ಯಾಖ್ಯೆಗಳು ಬೇಕಾಗಿರಲಿಲ್ಲ. ಎಂಬತ್ತು ದಾಟಿದ ಅವರು ದಿನವೂ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: 'ಜ್ವರ ಇದ್ದಷ್ಟು ದಿನ ಮಲಗಿದ್ದು ಸಾಲದು ಮಗಾ, ಬಿಟ್ಟ ಮೇಲೆ ಅದರ ಎರಡರಷ್ಟು ಮಲಗಬೇಕು.' ಅವರ ಕಾಲದಲ್ಲಿ ವಿಷಮಶೀತ ಜ್ವರ ಬಂದವರಿಗೆ ಜ್ವರ ಇಳಿದ ಮೇಲೂ ವಾರಗಟ್ಟಲೆ ಪಥ್ಯ. ಮೊದಲು ಗಂಜಿಯ ತಿಳಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಹೆಸರುಬೇಳೆಯ ತೊವ್ವೆ. ಬಿಸಿಲಿಗೆ ಹೋಗುವಂತಿಲ್ಲ, ಭಾರ ಎತ್ತುವಂತಿಲ್ಲ. ಹೆರಿಗೆಯಾದವಳಿಗೆ ಬಾಣಂತನ. ಅದೇನು ರೋಗವಲ್ಲ, ಆದರೂ ತಿಂಗಳುಗಟ್ಟಲೆ ಆರೈಕೆ ಬೇಕು ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಿಗೆ ಇತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಕ್ಷಯಕ್ಕೂ ಇದ್ದ ಚಿಕಿತ್ಸೆ ವಿಶ್ರಾಂತಿ, ಒಳ್ಳೆಯ ಗಾಳಿ, ಒಳ್ಳೆಯ ಊಟಗಳೇ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣೆಗಾಗಿ ಕಟ್ಟಿದ ಕ್ಷಯರೋಗಧಾಮ ಅಂಥ ನಂಬಿಕೆಯ ಕಾಲದ್ದು. ಔಷಧಗಳು ಬಲಗೊಂಡಂತೆ ನಾವು ಚೇತರಿಕೆಯ ಕಾಲವನ್ನು ಮರೆತೆವು. ಕೋವಿಡ್ ಅದನ್ನು ಮತ್ತೆ ನೆನಪಿಸಿತು.

ನನಗೆ ಆ ಕಾಲ ಸಿಕ್ಕಿತು. ಬೇಸಿಗೆ ರಜೆ ನಡುವೆ ಬಂತು. ಅದರ ಹಿಂದುಮುಂದೆ ಗಳಿಕೆ ರಜೆಯೂ ಪರಿವರ್ತಿತ ರಜೆಯೂ ಸೇರಿ ಮೂರು ತಿಂಗಳು ಮನೆಯಲ್ಲಿದ್ದೆ. ಮರಳಿದ ಮೇಲೂ ಪ್ರಾಂಶುಪಾಲರು ಮೊದಲ ವರ್ಷ ನನಗೆ ತರಗತಿಗಳನ್ನು ಕಡಿಮೆ ಮಾಡಿದರು. ನೆಲಮಹಡಿಯ ಕೊಠಡಿಗಳನ್ನೇ ಕೊಟ್ಟರು. ಪ್ರತಿ ತಿಂಗಳ ಕೊನೆಯಲ್ಲಿ ಸಂಬಳ ಬ್ಯಾಂಕಿಗೆ ಬಂತು. ಪಕ್ಕದ ಮನೆಯವರು ಮೂರು ವಾರ ಗೇಟಿಗೆ ಊಟದ ಕ್ಯಾರಿಯರ್ ನೇತುಹಾಕಿ ಹೋದರು. 'ಬೇಡಿಕೆ' ಎಂಬ ಪದ ತಡವರಿಸದೆ ಬರಲು, ಎರಡು ಮಹಡಿ ಒಂದೇ ಉಸಿರಿಗೆ ಹತ್ತಲು ನನಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಆ ಹದಿನಾಲ್ಕು ತಿಂಗಳು ನನ್ನನ್ನು ವಾಸಿ ಮಾಡಿದ ಔಷಧವೆಂದರೆ ರಜೆ ಮತ್ತು ಸಂಬಳ.

ಈಗ ಆಕೆಯ ಕಥೆ. ನಮ್ಮ ಮನೆಗೆ ಒಂಬತ್ತು ವರ್ಷಗಳಿಂದ ಬರುತ್ತಿದ್ದವಳು. ಆಗ ಆಕೆಗೆ ನಲವತ್ತೆರಡಿರಬಹುದು. ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡರವರೆಗೆ ನಾಲ್ಕು ಮನೆಗಳ ಪಾತ್ರೆ, ಕಸ, ನೆಲ, ಬಟ್ಟೆ. ನನಗೆ ಜ್ವರ ಬರುವ ಹಿಂದಿನ ದಿನ, ಏಪ್ರಿಲ್ 16ರಂದು, ನಮ್ಮ ಮನೆಗೆ ಬಂದು ಹೋಗಿದ್ದಳು. ಮರುದಿನ ಹೆಂಡತಿ ಫೋನು ಮಾಡಿ ಬರಬೇಡವೆಂದಳು. 'ಸರಿ ಅಕ್ಕ' ಎಂದಳು. ಆಮೇಲೆ ನಮ್ಮ ಗಮನವೆಲ್ಲ ನನ್ನ ಶ್ವಾಸದ ಮೇಲಿತ್ತು.

ಮೇ ತಿಂಗಳ ಎರಡನೆಯ ವಾರ ಮೊದಲ ಬಾರಿ ನಾನು ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತೆ. ಲಾಕ್‌ಡೌನಿನ ಬೀದಿ ಖಾಲಿಯಾಗಿತ್ತು. ಎದುರುಮನೆಯ ಹೊರಮೆಟ್ಟಿಲುಗಳನ್ನು ಒಬ್ಬ ಹೆಂಗಸು ಹತ್ತುತ್ತಿದ್ದಳು. ನಾಲ್ಕು ಮೆಟ್ಟಿಲು ಹತ್ತುವುದು, ಕಂಬಿ ಹಿಡಿದು ನಿಲ್ಲುವುದು, ಮತ್ತೆ ನಾಲ್ಕು ಹತ್ತುವುದು. ಆ ನಿಲುವನ್ನು ನಾನು ಕೂಡಲೇ ಗುರುತಿಸಿದೆ. ಅದು ನನ್ನದೇ ನಿಲುವು. ಹೆಂಗಸನ್ನು ಗುರುತಿಸಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಆಕೆಗೂ ಏಪ್ರಿಲ್ 19ರಿಂದ ಜ್ವರ. ಮೈಕೈ ನೋವು. ಹುಳಿಯ ವಾಸನೆ ತಿಳಿಯಲಿಲ್ಲವಂತೆ. ಪರೀಕ್ಷೆಗೆ ಹೋಗಲಿಲ್ಲ. ಹೋದರೆ ವಠಾರದ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಉಳಿದ ಮನೆಯವರೂ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆ. ಮೆಡಿಕಲ್ ಸ್ಟೋರಿನಿಂದ ಜ್ವರದ ಮಾತ್ರೆ ತರಿಸಿ ನುಂಗಿ ಮಲಗಿದಳು. ಜ್ವರ ಬಿಟ್ಟ ನಂತರ ನಾಲ್ಕು ದಿನ ಕಳೆದು, ಅಂದರೆ ಮೇ ತಿಂಗಳ ಆರಂಭದಲ್ಲೇ, ಎದುರುಮನೆಯ ಕೆಲಸಕ್ಕೆ ಮರಳಿದಳು. ನಾನು ಹನ್ನೆರಡನೆಯ ಮೆಟ್ಟಿಲಲ್ಲಿ ಕುಳಿತು ಉಸಿರು ಕೂಡಿಸಿಕೊಳ್ಳುತ್ತಿದ್ದ ಸಂಜೆಯ ಹೊತ್ತಿಗೆ ಆಕೆ ಅಂದಿನ ಕೆಲಸ ಮುಗಿಸಿ ಮನೆಗೆ ಹೋಗಿದ್ದಳು.

ಸೋಂಕು ನಮ್ಮಿಂದ ಆಕೆಗೆ ಹೋಯಿತೋ, ಆಕೆಯಿಂದ ನಮಗೆ ಬಂತೋ, ಇಬ್ಬರಿಗೂ ಬೇರೆಲ್ಲಿಂದಲೋ ಬಂತೋ ಈಗ ತಿಳಿಯುವ ದಾರಿಯಿಲ್ಲ. ಆಕೆಗೆ ಬಂದದ್ದು ಕೋವಿಡ್ಡೇ ಎಂದು ಹೇಳಲು ಕಾಗದವೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ನಾನು ಮೊದಲು ಸೋಂಕಿತ, ಆಮೇಲೆ ಗುಣಮುಖ. ಆಕೆ ಸೋಂಕಿತಳೂ ಅಲ್ಲ, ಗುಣಮುಖಳೂ ಅಲ್ಲ. ಯಾಕೆ ಅಷ್ಟು ಬೇಗ ಕೆಲಸಕ್ಕೆ ಬಂದೆ ಎಂದು ಹೆಂಡತಿ ಕೇಳಿದಾಗ ಹೇಳಿದ ಮಾತು ಇದು: 'ಜ್ವರ ಬಿಡ್ತು, ಬಂದೆ ಅಕ್ಕ. ಕಾಯಿಲೆ ಬಿಡೋವರೆಗೂ ಕೂತ್ಕೊಂಡ್ರೆ ಯಾರು ಕೊಡ್ತಾರೆ?'

ನಾವು ಎಷ್ಟು ಕೊಟ್ಟೆವು ಎಂಬುದನ್ನೂ ಇಲ್ಲಿ ಹೇಳಬೇಕು. ಏಪ್ರಿಲ್ ತಿಂಗಳ ಪೂರ್ತಿ ಸಂಬಳ ಕೊಟ್ಟೆವು. ಮೇ ತಿಂಗಳಿಗೆ ಅರ್ಧ. ಕೆಲಸಕ್ಕೆ ಬಂದಿಲ್ಲ, ಆದರೂ ಅರ್ಧ ಕೊಡುತ್ತಿದ್ದೇವೆ ಎಂಬ ಸಣ್ಣ ಸಮಾಧಾನವೂ ನಮಗಿತ್ತು. ಅದೇ ತಿಂಗಳು ಕೆಲಸಕ್ಕೆ ಹೋಗದ ನನಗೆ ಕಾಲೇಜು ಪೂರ್ತಿ ಸಂಬಳ ಕೊಟ್ಟಿತ್ತು. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡುವಷ್ಟು ಬುದ್ಧಿ, ಇಪ್ಪತ್ತೆಂಟು ವರ್ಷ ಅರ್ಥಶಾಸ್ತ್ರ ಕಲಿಸಿದ ನನಗೆ, ಆಗ ಬರಲಿಲ್ಲ. ಮೇ 19ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಪ್ರಕಟಿಸಿದ 1,250 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಮನೆಗೆಲಸದವರಿಗೆ ಒಂದು ಬಾರಿಯ ನೆರವಾಗಿ 2,000 ರೂಪಾಯಿ ಇತ್ತು. ಆ ಹಣ ಆಕೆಯ ಕೈಸೇರಲಿಲ್ಲ. ಅರ್ಜಿ ತುಂಬಿಕೊಡಬಹುದಾಗಿದ್ದ ನಾನು ಆ ಬಗ್ಗೆ ಯೋಚಿಸಲೂ ಇಲ್ಲ.

ಆ ವರ್ಷದ ಕೊನೆಯ ಹೊತ್ತಿಗೆ ಎರಡು ಮನೆಯವರು ಆಕೆಯನ್ನು ಬಿಡಿಸಿದರು. ಅವರು ಕೆಟ್ಟವರಲ್ಲ. 'ಮೊದಲಿನ ಚುರುಕು ಇಲ್ಲ, ಮಧ್ಯೆ ಮಧ್ಯೆ ಕೂತುಬಿಡುತ್ತಾಳೆ' ಎಂಬುದು ಅವರ ದೂರು. ದೂರು ನಿಜವೇ. ನಾನೂ ಮಧ್ಯೆ ಮಧ್ಯೆ ಕೂತುಬಿಡುತ್ತಿದ್ದೆ. ನನಗೆ ನೆಲಮಹಡಿಯ ಕೊಠಡಿ ಸಿಕ್ಕಿತು, ಆಕೆಗೆ ಕೆಲಸ ಹೋಯಿತು. ಈಗ ಆಕೆ ನಮ್ಮ ಮನೆಯೊಂದಕ್ಕೆ ಮಾತ್ರ ಬರುತ್ತಾಳೆ. ಉಳಿದ ಹೊತ್ತು ಮನೆಯಲ್ಲಿ ಕುಳಿತು ಹೂ ಕಟ್ಟುತ್ತಾಳೆ. ವರಮಾನ ಮೊದಲಿನ ಅರ್ಧಕ್ಕಿಂತ ಕಡಿಮೆ. ಮೆಟ್ಟಿಲು ಹತ್ತುವಾಗ ಇಂದಿಗೂ ಒಮ್ಮೆ ನಿಲ್ಲುತ್ತಾಳೆ. ವೈರಸ್ಸಿನ ಆಘಾತ ಇಬ್ಬರಲ್ಲಿ ಯಾರಿಗೆ ಹೆಚ್ಚಾಗಿತ್ತು ಎಂದು ಕೇಳಿದರೆ, ಆಸ್ಪತ್ರೆ ಸೇರಿದ್ದು ನಾನು. ಮೊದಲಿನಂತಾದವನೂ ನಾನೇ. ಮೂರು ತಿಂಗಳ ವಿಶ್ರಾಂತಿ ಸಿಕ್ಕಿದ್ದರೆ ಆಕೆಯೂ ಮೊದಲಿನಂತಾಗುತ್ತಿದ್ದಳು ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಅವಕಾಶವೇ ಆಕೆಗೆ ಇರಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಇದು ಒಬ್ಬಳ ಕಥೆಯಲ್ಲ. ನಮ್ಮ ದೇಶದಲ್ಲಿ ದುಡಿಯುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಅನೌಪಚಾರಿಕ ಕೆಲಸದಲ್ಲಿದ್ದಾರೆ. ಅವರಿಗೆ ಕಾಯಿಲೆಯ ರಜೆ ಎಂಬುದಿಲ್ಲ. ಕೆಲಸಕ್ಕೆ ಬಾರದ ದಿನ ಎಂಬುದು ಮಾತ್ರ ಇದೆ. ಬಡವರ ಆರೋಗ್ಯಕ್ಕಾಗಿ ಸರ್ಕಾರಗಳು ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಆದರೆ ಅದು ಆಸ್ಪತ್ರೆಯ ಬಿಲ್ಲಿಗೆ. ಆಸ್ಪತ್ರೆಯಿಂದ ಹೊರಬಂದ ಮರುದಿನ ಮನೆಯ ಅಕ್ಕಿಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ರೋಗಿಯನ್ನು ಬದುಕಿಸಲು ಲಕ್ಷಗಟ್ಟಲೆ ಖರ್ಚು ಮಾಡಿ, ಅನಂತರ ಕೆಲವೇ ಸಾವಿರ ರೂಪಾಯಿಯ ವಿಶ್ರಾಂತಿಯಿಲ್ಲದೆ ಅವರು ಮತ್ತೆ ಕುಸಿಯಲು ಬಿಡುವುದು ಮಾನವೀಯವೂ ಅಲ್ಲ, ಲೆಕ್ಕಕ್ಕೂ ಸರಿಯಲ್ಲ.

ಇದಕ್ಕೆ ದಾರಿಗಳಿಲ್ಲವೆ? ಇವೆ, ಅವು ಹೊಸವೂ ಅಲ್ಲ. ಕಾರ್ಖಾನೆ ಕಾರ್ಮಿಕರಿಗೆ ಇಎಸ್‌ಐ ಯೋಜನೆ ದಶಕಗಳಿಂದ ಇದೆ. ಅದರ ವ್ಯಾಪ್ತಿಗೆ ಬರುವ ಕಾರ್ಮಿಕ ಕಾಯಿಲೆ ಬಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ, ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ಸಿಗುತ್ತದೆ. ಕ್ಷಯರೋಗಿಗಳಿಗೆ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲು ಆರಂಭಿಸಿತು. 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿತು. ನೆರೆಯ ಆಂಧ್ರಪ್ರದೇಶ 2019ರ ಡಿಸೆಂಬರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಸ್ತ್ರಚಿಕಿತ್ಸೆಯಾದ ಬಡರೋಗಿಗೆ ವೈದ್ಯರು ಹೇಳಿದ ವಿಶ್ರಾಂತಿಯ ಅವಧಿಗೆ ದಿನಕ್ಕೆ 225 ರೂಪಾಯಿಯಂತೆ, ತಿಂಗಳಿಗೆ ಹೆಚ್ಚೆಂದರೆ 5,000 ರೂಪಾಯಿ ಕೊಡುವ ಯೋಜನೆಯನ್ನು ಆರಂಭಿಸಿತು. ಚೇತರಿಕೆಯೂ ಚಿಕಿತ್ಸೆಯ ಭಾಗ ಎಂಬ ತತ್ವವನ್ನು ಒಪ್ಪಿಕೊಂಡದ್ದೇ ಅದರ ಮಹತ್ವ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಪರಂಪರೆಯೂ ಇದೆ. ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು 2004ರಲ್ಲಿ ಅಧಿಸೂಚನೆ ಹೊರಡಿಸಿದ ರಾಜ್ಯ ಇದು, ದೇಶದಲ್ಲಿ ಮೊದಲನೆಯದು. 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕಾಯ್ದೆ ತಂದು, ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಸಂಗ್ರಹಿಸುವ ವ್ಯವಸ್ಥೆ ಮಾಡಿತು. 2021ರ ಆಗಸ್ಟ್‌ನಲ್ಲಿ ಆರಂಭವಾದ ಕೇಂದ್ರದ ಇ-ಶ್ರಮ್ ಪಟ್ಟಿಯಲ್ಲಿ ದೇಶದ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರುಗಳಿವೆ. ಹೆಸರುಗಳಿವೆ, ನಿಧಿ ಕೂಡಿಸುವ ಮಾದರಿಗಳಿವೆ. ಅಸಂಘಟಿತರಿಗಾಗಿ ಇರುವ ಯೋಜನೆಗಳಲ್ಲಿ ಹೆಚ್ಚಿನವು ಅಪಘಾತಕ್ಕೆ, ಸಾವಿಗೆ ಪರಿಹಾರ ಕೊಡುತ್ತವೆ. ಬದುಕಿ ಉಳಿದವರು ಚೇತರಿಸಿಕೊಳ್ಳಲು ಬೇಕಾದ ಆರು ವಾರಕ್ಕೂ ಅವು ನೆರವಾಗಬೇಕು.

ಇದರ ವಿರುದ್ಧ ಕೇಳಿಬರುವ ಮಾತುಗಳು ನನಗೆ ಗೊತ್ತು. ದುರುಪಯೋಗವಾಗುತ್ತದೆ ಎಂಬುದು ಮೊದಲನೆಯದು. ಆಗುತ್ತದೆ, ಸ್ವಲ್ಪ ಮಟ್ಟಿಗೆ. ನಮ್ಮಂಥ ಸಂಬಳದಾರರು ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ರಜೆ ಪಡೆದ ಉದಾಹರಣೆಗಳು ಎಲ್ಲ ಕಚೇರಿಗಳಲ್ಲೂ ಇವೆ. ಅದಕ್ಕಾಗಿ ನಮ್ಮ ರಜೆಯನ್ನು ಯಾರೂ ರದ್ದುಪಡಿಸಿಲ್ಲ. ಎರಡನೆಯದು ಹಣದ ಮಾತು. ಇಎಸ್‌ಐನಲ್ಲಿ ಮಾಲೀಕರ ವಂತಿಗೆ ಕೂಲಿಯ ಶೇಕಡ 3.25, ಕಾರ್ಮಿಕರದು ಶೇಕಡ 0.75, ಒಟ್ಟು ಶೇಕಡ ನಾಲ್ಕು. ತಿಂಗಳಿಗೆ 3,000 ರೂಪಾಯಿ ಸಂಬಳ ಕೊಡುವ ಮನೆಯೊಂದು ಅದೇ ದರದಲ್ಲಿ ಎರಡೂ ಪಾಲನ್ನು ತಾನೇ ಕಟ್ಟಿದರೂ ಆಗುವುದು 120 ರೂಪಾಯಿ. ಓದುಗರು ಈ ಪತ್ರಿಕೆಗೆ ತಿಂಗಳಿಗೆ ಕೊಡುವ ಹಣ ಅದಕ್ಕಿಂತ ಹೆಚ್ಚು. ಮೂರನೆಯದು, ಕೋವಿಡ್ ಮುಗಿಯಿತಲ್ಲ ಎಂಬ ಮಾತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು, ನಿಜ. ಡೆಂಗಿ ಮುಗಿದಿಲ್ಲ, ಚಿಕೂನ್‌ಗುನ್ಯ ಮುಗಿದಿಲ್ಲ, ಕ್ಷಯ ಮುಗಿದಿಲ್ಲ. ಚಿಕೂನ್‌ಗುನ್ಯದ ಕೀಲುನೋವು ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕಾಡುವುದನ್ನು ಕಂಡವರು ಯಾವ ಬಡಾವಣೆಯಲ್ಲಿ ಇಲ್ಲ?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಗಳಲ್ಲಿ ಗಾಳಿ ಬೆಳಕಿಲ್ಲದ ಮನೆಗಳು ಸಾವಿನ ಗೂಡುಗಳಾಗಿದ್ದನ್ನು ಕಂಡ ಆಡಳಿತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿತು. ಅಗಲವಾದ ರಸ್ತೆಗಳು, ಚರಂಡಿ, ಮನೆ ಮನೆಗಳ ನಡುವೆ ತೆರಪು ಬಂದವು. ಒಂದು ಸಾಂಕ್ರಾಮಿಕ ಆ ಪೀಳಿಗೆಗೆ ಗಾಳಿ ಬೆಳಕಿನ ಬೆಲೆಯನ್ನು ಕಲಿಸಿತು. ಆ ಬಡಾವಣೆಗಳ ನೆರಳಿನಲ್ಲಿ ನಾವು ಇಂದಿಗೂ ನಡೆದಾಡುತ್ತೇವೆ. ಕೋವಿಡ್ ನಮಗೆ ಆಮ್ಲಜನಕದ ಬೆಲೆಯನ್ನು ಕಲಿಸಿತು. ದೇಶದ ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಆಮ್ಲಜನಕ ಘಟಕಗಳು ಬಂದವು. ಅವುಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಸರ್ಕಾರದ ಕರ್ತವ್ಯ. ವಿಶ್ರಾಂತಿಯ ಬೆಲೆಯನ್ನು ಮಾತ್ರ ನಾವು ಇನ್ನೂ ಕಲಿತಿಲ್ಲ. ಅದು ನಮ್ಮಂಥವರಿಗೆ ಉಚಿತವಾಗಿ ಸಿಗುತ್ತಿರುವುದರಿಂದ ಕಲಿಯುವ ಅಗತ್ಯವೂ ಕಾಣುತ್ತಿಲ್ಲ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ನಮ್ಮ ನಿಮ್ಮ ಮನೆಗಳಲ್ಲಿ ದುಡಿಯುವವರಿಗೆ ವಾರಕ್ಕೊಂದು ರಜೆ, ಕಾಯಿಲೆ ಬಿದ್ದಾಗ ಸಂಬಳ ಕಡಿಯದ ರಜೆ, ಮರಳಿ ಬಂದ ಮೊದಲ ವಾರಗಳಲ್ಲಿ ಕಡಿಮೆ ಕೆಲಸ. ಇದನ್ನು ನಾವು ನಮ್ಮ ಕಚೇರಿಗಳಿಂದ ಹಕ್ಕೆಂದು ಕೇಳಿ ಪಡೆಯುತ್ತೇವೆ. ನಮ್ಮ ಅಡುಗೆಮನೆಯಲ್ಲಿ ಅದೇ ನಿಯಮ ನಡೆಯಬೇಕು. ನಮ್ಮ ಮನೆಯಲ್ಲಿ ಈಗ ನಡೆಯುತ್ತಿದೆ; ತಡವಾಗಿ, ಒಬ್ಬಳ ಆರೋಗ್ಯ ಹೋದ ನಂತರ. ಅದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಕಳೆದ ತಿಂಗಳು ಆಕೆಗೆ ಮತ್ತೆ ಜ್ವರ ಬಂತು. ಸಾಮಾನ್ಯ ಜ್ವರ, ಮೂರೇ ದಿನಕ್ಕೆ ಬಿಟ್ಟಿತು. ನಾಲ್ಕನೆಯ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಬಂದು ಬಾಗಿಲು ತಟ್ಟಿದಳು. ಹೆಂಡತಿ ಕಾಫಿ ಕೊಟ್ಟು, ಇನ್ನೊಂದು ವಾರ ಬರಬೇಡ, ಸಂಬಳಕ್ಕೆ ಯೋಚನೆ ಮಾಡಬೇಡ ಎಂದು ವಾಪಸು ಕಳುಹಿಸಿದಳು. ಮೆಟ್ಟಿಲಿಳಿಯುತ್ತ ಆಕೆ ಒಮ್ಮೆ ನಿಂತು, ತಿರುಗಿ ಕೇಳಿದಳು: 'ಕೆಲಸಕ್ಕೆ ಬೇರೆ ಯಾರನ್ನೂ ಇಟ್ಕೊಂಡಿಲ್ಲ ತಾನೆ ಅಕ್ಕ?'